ಹಸುರು ಲೇಸರ್ ಕಿರಣವೂ ಹಿರೇಬೆಣಕಲ್ಲಿನ ದಿಕ್ಕುಗಳೂ: ಒಂದು ವಿಮರ್ಶೆ

ದೂರದರ್ಶಕದ ಕೊಳವೆಗೆ ಸಮಾನಾಂತರವಾಗಿ ಹಸುರು ಲೇಸರ್ ದೀಪವನ್ನು ಬಿಗಿದು, ಅದರ ಕಿರಣದಿಂದ ನಕ್ಷತ್ರಕ್ಕೆ ಗುರಿ ಹಿಡಿಯುವ ಕ್ರಮವು ಖಗೋಳಾಸಕ್ತರಲ್ಲಿ ಇಂದು ರೂಢವಾಗಿದೆ. 532 ನ್ಯಾನೋಮೀಟರಿನ ಈ ಬೆಳಕು ಗಾಳಿಯಲ್ಲಿ ಚದುರಿ, ಇರುಳಿಗೆ ಹೊಂದಿಕೊಂಡ ಕಣ್ಣಿಗೆ ಗೆರೆಯಂತೆ ಕಾಣುವುದು. ಕತ್ತು ಬಾಗಿಸಿ ಶೋಧಕ ನಳಿಕೆಯಲ್ಲಿ ಇಣುಕುವ ಶ್ರಮ ತಪ್ಪುವುದು. ವಿಮಾನದತ್ತಲೂ ಜನರ ಕಣ್ಣಿನತ್ತಲೂ ತಿರುಗಿಸದಿದ್ದರೆ ಇದು ಉಪಯುಕ್ತ ಸಾಧನವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಈ ಕಿರಣವನ್ನು ಇತಿಹಾಸಕ್ಕೆ ಪ್ರಮಾಣವಾಗಿ ಬಳಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ ಸುಮಾರು 400 ಬೃಹತ್ ಶಿಲಾಸ್ಮಾರಕಗಳಿವೆ. ಅವುಗಳಲ್ಲಿ ಕೆಲವಕ್ಕೆ ದುಂಡು ಕಿಂಡಿಗಳುಂಟು. ಕಿಂಡಿಯ ನೇರಕ್ಕೆ ಕಿರಣ ಹಾಯಿಸಿದರೆ ಯಾವುದೋ ಒಂದು ನಕ್ಷತ್ರ ಸಿಕ್ಕೇ ಸಿಕ್ಕುವುದು. ಅಷ್ಟರಿಂದ ಕಟ್ಟಿದವರ ಆಶಯ ಸಿದ್ಧಿಸದು. ವಿಷುವದ್ಬಿಂದುವು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಸರಿಯುವುದರಿಂದ, 2500 ವರ್ಷಗಳಲ್ಲಿ ಸುಮಾರು 35 ಡಿಗ್ರಿ ಸರಿದಿದೆ. ಆದಕಾರಣ ಅಂದು ನಕ್ಷತ್ರಗಳು ಉದಯಿಸುತ್ತಿದ್ದ ದಿಕ್ಕುಗಳು ಇಂದಿನವಲ್ಲ. ಸೂರ್ಯನ ವಿಷಯ ಹಾಗಲ್ಲ. ಅಯನಾಂತ್ಯದಲ್ಲಿ ಅವನು ಮೂಡುವ ದಿಕ್ಕು ಈ ಅವಧಿಯಲ್ಲಿ ಅತ್ಯಲ್ಪವಾಗಿ ಮಾತ್ರ ಬದಲಾಗಿದೆ. ಆದುದರಿಂದ ವಿಚಾರಣೆಯನ್ನು ಸೂರ್ಯೋದಯದಿಂದ ಆರಂಭಿಸುವುದೇ ಲೇಸು.

ಇನ್ನೊಂದು ತೊಡಕೂ ಇದೆ. ಚಪ್ಪಡಿಗಳು ಕಾಲಾಂತರದಲ್ಲಿ ವಾಲಿರಬಹುದು. ಅಗಲವಾದ ಕಿಂಡಿಯು ಒಂದೇ ಬಿಂದುವನ್ನು ಸೂಚಿಸುವುದೂ ಇಲ್ಲ. ತಮಗೆ ಒಪ್ಪುವ ಒಂದು ಕಿಂಡಿಯನ್ನು ಆರಿಸಿಕೊಂಡು ಸಿದ್ಧಾಂತ ಕಟ್ಟುವುದು ನ್ಯಾಯವಲ್ಲ. ಅಲುಗದೆ ನಿಂತಿರುವ ಕಿಂಡಿಗಳೆಲ್ಲದರ ದಿಕ್ಕನ್ನೂ ಥಿಯೊಡೊಲೈಟಿನಿಂದ ಅಳೆದು, ಹೊಂದದ ಅಳತೆಗಳನ್ನೂ ಪ್ರಕಟಿಸಬೇಕು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಕಾರ್ಯವಿದು. ಅಲ್ಲಿಯವರೆಗೆ ಹಸುರು ಕಿರಣವು ದೂರದರ್ಶಕದ ಮೇಲೆಯೇ ಇರಲಿ.