ಕತ್ತಲಿನಾಚೆಯ ಅದೇ ಮನೆ

ಸಮಾನಾಂತರ ವಿಶ್ವಗಳ ಸಿನಿಮಾ ಎಂದರೆ ಆಕಾಶ ಸೀಳಬೇಕು, ಊರಿಗೆ ಊರೇ ತಲೆಕೆಳಗಾಗಬೇಕು ಎಂದು ದೊಡ್ಡ ಸ್ಟುಡಿಯೋಗಳ ಸೂಪರ್‌ಹೀರೋ ಚಿತ್ರಗಳು ನಮ್ಮನ್ನು ನಂಬಿಸಿಬಿಟ್ಟಿವೆ. ಆ ನಂಬಿಕೆಯನ್ನು ಬುಡಸಮೇತ ಕಿತ್ತ ಚಿತ್ರ ‘ಕೊಹೆರೆನ್ಸ್’. 2013ರಲ್ಲಿ ತೆರೆಕಂಡ ಈ ಅಮೆರಿಕನ್ ಚಿತ್ರವನ್ನು ನಿರ್ದೇಶಕ ಜೇಮ್ಸ್ ವಾರ್ಡ್ ಬರ್ಕಿಟ್ ತನ್ನ ಸ್ವಂತ ಮನೆಯಲ್ಲೇ ಐದು ರಾತ್ರಿಗಳಲ್ಲಿ ತೆಗೆದ. ಖರ್ಚು ಸುಮಾರು 50 ಸಾವಿರ ಡಾಲರ್. ನಮ್ಮ ಸ್ಟಾರ್ ಚಿತ್ರಗಳ ಒಂದು ಹಾಡಿಗೂ ಸಾಲದ ಹಣ ಅದು.

ಎಂಟು ಜನ ಗೆಳೆಯರು ರಾತ್ರಿ ಊಟಕ್ಕೆ ಸೇರಿದ್ದಾರೆ. ಧೂಮಕೇತುವೊಂದು ಭೂಮಿಯ ಹತ್ತಿರದಲ್ಲಿ ಹಾದು ಹೋಗುತ್ತಿದೆ. ಕರೆಂಟು ಹೋಗುತ್ತದೆ. ಓಣಿಯೆಲ್ಲ ಕತ್ತಲಾಗಿದ್ದರೂ ದೂರದ ಒಂದು ಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಸಹಾಯ ಕೇಳಲು ಅಲ್ಲಿಗೆ ಹೋದವರು ನಡುಗುತ್ತ ವಾಪಸು ಬರುತ್ತಾರೆ: ಅದು ಇದೇ ಮನೆ, ಒಳಗೆ ಕೂತು ಉಣ್ಣುತ್ತಿರುವವರು ತಾವೇ. ನಟರ ಕೈಗೆ ಬರೆದ ಸಂಭಾಷಣೆ ಕೊಟ್ಟಿರಲಿಲ್ಲ. ಅಂದಂದಿನ ರಾತ್ರಿ ತಮ್ಮ ಪಾತ್ರಕ್ಕೆ ಏನು ಗೊತ್ತಿರಬೇಕು, ಏನು ಬೇಕಾಗಿದೆ ಎಂಬ ಚೀಟಿಯಷ್ಟೇ ಸಿಗುತ್ತಿತ್ತು. ಹಾಗಾಗಿ ತೆರೆಯ ಮೇಲಿನ ಗಾಬರಿ, ಒಬ್ಬರ ಮಾತಿನ ಮೇಲೊಬ್ಬರು ಬೀಳುವ ಗದ್ದಲ, ಎಲ್ಲ ಸಹಜವಾಗಿ ಬಂದಿವೆ.

ಈ ಚಿತ್ರದ ಜೀವಾಳ ಒಂದು ಸಣ್ಣ ಪೆಟ್ಟಿಗೆಯಲ್ಲಿದೆ. ಹೊರಗೆ ಹೋಗಿ ಬಂದವರು ತಮ್ಮ ಮನೆಗೇ ಬಂದರೋ ಬೇರೆ ಲೋಕದ ತಮ್ಮ ಮನೆಗೆ ಬಂದರೋ ಎಂದು ತಿಳಿಯುವುದು ಹೇಗೆ? ಅವರು ಪ್ರತಿಯೊಬ್ಬರ ಫೋಟೊ ತೆಗೆದುಕೊಂಡು, ದಾಳ ಉರುಳಿಸಿ, ಬಿದ್ದ ಸಂಖ್ಯೆಯನ್ನು ಅದರ ಹಿಂದೆ ಬರೆಯುತ್ತಾರೆ. ಜತೆಗೆ ಮನೆಯಲ್ಲಿ ಕೈಗೆ ಸಿಕ್ಕ ಯಾವುದೋ ಒಂದು ವಸ್ತುವನ್ನು ಪೆಟ್ಟಿಗೆಗೆ ಹಾಕುತ್ತಾರೆ. ಇನ್ನೊಂದು ಮನೆಯವರೂ ಹೀಗೇ ಮಾಡಿರುತ್ತಾರೆ, ಆದರೆ ದಾಳ ಬೇರೆ ಬಿದ್ದಿರುತ್ತದೆ. ಆಮೇಲೆ ಎಲ್ಲರೂ ಸಂಖ್ಯೆ ಹೋಲಿಸಿ ನೋಡಿದಾಗ, ಒಂದೇ ಮೇಜಿನ ಸುತ್ತ ಕೂತವರಲ್ಲಿ ಕೆಲವರು ಈ ಮನೆಯವರೇ ಅಲ್ಲ ಎಂದು ಗೊತ್ತಾಗುತ್ತದೆ. ಎದೆ ಝಲ್ಲೆನ್ನುತ್ತದೆ. ಒಂದು ದಾಳ, ಒಂದು ಪೆನ್ನು, ನಾಲ್ಕಾರು ಫೋಟೊ. ಅಷ್ಟರಲ್ಲಿ ವಿಶ್ವವೇ ಕವಲೊಡೆಯಿತು.

ಅಫಜಲಪುರ ತಾಲ್ಲೂಕಿನವರು ಈ ದೃಶ್ಯ ನೋಡಿದರೆ ದೇವಲ ಗಾಣಗಾಪುರದ ಕಥೆ ನೆನಪಾಗದೆ ಇರದು. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಈ ಕ್ಷೇತ್ರದಲ್ಲಿ ಹದಿನೈದನೆಯ ಶತಮಾನದಲ್ಲಿ ನೆಲೆಸಿದ್ದ ನರಸಿಂಹ ಸರಸ್ವತಿಗಳ ಬಗ್ಗೆ ‘ಗುರುಚರಿತ್ರೆ’ ಹೇಳುವ ಪ್ರಸಂಗವದು. ಮರಾಠಿಯಲ್ಲಿ ಈ ಗ್ರಂಥ ಬರೆದ ಸರಸ್ವತಿ ಗಂಗಾಧರನ ಮನೆಮಾತು ಕನ್ನಡ ಎಂಬುದನ್ನೂ ಇಲ್ಲಿ ನೆನೆಯಬೇಕು. ದೀಪಾವಳಿಗೆ ನಮ್ಮ ಮನೆಗೇ ಬರಬೇಕೆಂದು ಏಳು ಊರಿನ ಏಳು ಶಿಷ್ಯರು ಗುರುವಿಗೆ ಗಂಟುಬೀಳುತ್ತಾರೆ. ಗುರು ಒಬ್ಬೊಬ್ಬರನ್ನೇ ಕರೆದು ಬರುತ್ತೇನೆ ಎಂದು ಮಾತು ಕೊಡುತ್ತಾನೆ. ಕಾರ್ತಿಕ ಹುಣ್ಣಿಮೆಗೆ ಎಲ್ಲರೂ ಗಾಣಗಾಪುರದಲ್ಲಿ ಕೂಡಿದಾಗ ವಾದ ಏಳುತ್ತದೆ. ಹಬ್ಬದ ದಿನ ಗುರು ನಮ್ಮ ಮನೆಯಲ್ಲಿದ್ದರು ಎಂದು ಏಳೂ ಜನ ಹೇಳುತ್ತಾರೆ. ಇಲ್ಲೇ ಮಠದಲ್ಲಿದ್ದರು ಎಂದು ಊರವರು ಹೇಳುತ್ತಾರೆ. ಆಗ ಒಬ್ಬೊಬ್ಬರೂ ತಾವು ಅಂದು ಗುರುವಿಗೆ ಕೊಟ್ಟ ವಸ್ತ್ರವನ್ನು ಗುರುತಿಸಿ ತೋರಿಸುತ್ತಾರೆ. ಎಲ್ಲ ವಸ್ತ್ರಗಳೂ ಅಲ್ಲಿವೆ.

ಅಲ್ಲಿ ಪೆಟ್ಟಿಗೆ ಮಾಡಿದ ಕೆಲಸವನ್ನು ಇಲ್ಲಿ ಬಟ್ಟೆ ಮಾಡಿದೆ. ನಮ್ಮ ಪುರಾಣದಲ್ಲಿ ವಿಜ್ಞಾನ ಮೊದಲೇ ಇತ್ತು ಎಂದು ಇದರಿಂದ ಹೇಳಹೊರಟವರ ಜತೆ ನಾನಿಲ್ಲ. ಭಕ್ತಿಯ ಕಥೆ ಭಕ್ತಿಯ ಕಥೆಯೇ. ಹ್ಯೂ ಎವರೆಟ್ 1957ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಕ್ವಾಂಟಂ ಸಮೀಕರಣಗಳಿಂದ ಹೊರಡಿಸಿದ ಬಹುಲೋಕಗಳ ವಾದ ಬೇರೆಯೇ ಜಾತಿಯದು. ನನಗೆ ಮುಖ್ಯವಾದದ್ದು ಕಥೆಗಾರನ ಧೈರ್ಯ. ಎಂಟು ಗುರುಗಳಲ್ಲಿ ಅಸಲಿ ಯಾರು ಎಂಬ ಪ್ರಶ್ನೆಯನ್ನು ಆತ ಎತ್ತುವುದೇ ಇಲ್ಲ. ಎಂಟೂ ನಿಜ. ಪುರಾವೆಯನ್ನು ಮುಂದಿಟ್ಟು ಸುಮ್ಮನಾಗುತ್ತಾನೆ. ಸಮಾನಾಂತರ ಲೋಕದ ಕಥೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಅದೇ ಅಳತೆಗೋಲಿನಿಂದ ಕನ್ನಡದ ‘ಲೂಸಿಯಾ’ವನ್ನು ನೋಡೋಣ. ಅದೂ 2013ರದೇ ಚಿತ್ರ. ನಿರ್ಮಾಪಕರು ಸಿಗದೆ ನಿರ್ದೇಶಕ ಪವನ್ ಕುಮಾರ್ ನೇರವಾಗಿ ಪ್ರೇಕ್ಷಕರ ಬಳಿಗೇ ಹೋದರು. ನೂರಕ್ಕೂ ಹೆಚ್ಚು ಜನ ಸೇರಿ 50 ಲಕ್ಷ ರೂಪಾಯಿ ಕೂಡಿಸಿಕೊಟ್ಟರು. ಲಂಡನ್ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಬಂತು, ತಮಿಳಿನಲ್ಲಿ ‘ಎನಕ್ಕುಳ್ ಒರುವನ್’ ಎಂದು ಮರುಹುಟ್ಟು ಪಡೆಯಿತು. ಇವೆಲ್ಲ ಹೆಮ್ಮೆಯ ಮಾತುಗಳೇ. ಆದರೆ ಚಿತ್ರ ನಿಂತಿರುವುದು ಹಣ ಹುಟ್ಟಿಸಿದ ರೀತಿಯ ಮೇಲಲ್ಲ.

ಚಿತ್ರಮಂದಿರದಲ್ಲಿ ಬ್ಯಾಟರಿ ಹಿಡಿದು ಪ್ರೇಕ್ಷಕರಿಗೆ ಸೀಟು ತೋರಿಸುವ ನಿಕ್ಕಿಗೆ ನಿದ್ದೆ ಬಾರದು. ಲೂಸಿಯಾ ಎಂಬ ಮಾತ್ರೆ ನುಂಗಿದರೆ ಕನಸಿನಲ್ಲಿ ಅವನು ಸಿನಿಮಾ ಸ್ಟಾರ್ ನಿಖಿಲ್. ಎರಡೂ ಪಾತ್ರ ಸತೀಶ್ ನೀನಾಸಂ ಅವರದೇ. ಒಂದು ಲೋಕದಲ್ಲಿ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುವ ಶ್ವೇತಾ ಇನ್ನೊಂದರಲ್ಲಿ ಬಣ್ಣದ ಲೋಕದವಳು. ಶ್ರುತಿ ಹರಿಹರನ್ ಇಬ್ಬರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿದ್ದಾರೆ. ಬಡ ನಿಕ್ಕಿಯ ಬದುಕು ಬಣ್ಣದಲ್ಲಿದೆ, ಸ್ಟಾರ್‌ನ ಬದುಕು ಕಪ್ಪು-ಬಿಳುಪಿನಲ್ಲಿದೆ. ಬಣ್ಣ ಇರುವುದೇ ನಿಜ ಎಂದುಕೊಂಡು ಕೂತ ನಮ್ಮ ಅಭ್ಯಾಸವನ್ನೇ ನಿರ್ದೇಶಕರು ಕೊನೆಯಲ್ಲಿ ನಮ್ಮ ವಿರುದ್ಧ ತಿರುಗಿಸುತ್ತಾರೆ. ನಯಾಪೈಸೆ ಹೆಚ್ಚು ಖರ್ಚಿಲ್ಲದ ಉಪಾಯ. ಹತ್ತು ವರ್ಷದ ಮೇಲಾಗಿಯೂ ಅದರ ಚುರುಕು ಕಡಿಮೆಯಾಗಿಲ್ಲ.

ನನ್ನ ತಕರಾರಿರುವುದು ಆ ತಿರುವಿನ ನಂತರ. ಸ್ಟಾರ್ ನಿಜ, ನಿಕ್ಕಿ ಅವನ ಕನಸು ಎಂದು ಚಿತ್ರ ತೀರ್ಪು ಕೊಡುತ್ತದೆ. ತೀರ್ಪು ಬಂದ ಕೂಡಲೇ ಒಂದು ಲೋಕ ಸಾಯುತ್ತದೆ. ಎರಡು ಗಂಟೆ ನಾವು ಜೊತೆಗೆ ನಡೆದ ನಿಕ್ಕಿ, ಅವನ ಪುಟ್ಟ ಕೋಣೆ, ಅಚ್ಯುತ್ ಕುಮಾರ್ ಮನಮುಟ್ಟುವಂತೆ ಮಾಡಿದ ಚಿತ್ರಮಂದಿರದ ಮಾಲೀಕ ಶಂಕರಣ್ಣ, ಎಲ್ಲ ಒಬ್ಬ ಶ್ರೀಮಂತನ ನಿದ್ದೆಯೊಳಗಿನ ವಿಶ್ರಾಂತಿಧಾಮವಾಗಿಬಿಡುತ್ತಾರೆ. ಬಡವನ ಬದುಕು ತನ್ನಷ್ಟಕ್ಕೆ ತಾನು ಇರಲಾರದು, ಇರಬೇಕಾದರೆ ಅದು ಯಾರದೋ ಹಂಬಲವಾಗಿಯೇ ಇರಬೇಕೇ? ನಿರ್ದೇಶಕರ ಉದ್ದೇಶ ಇದಲ್ಲ ಎಂದು ನಾನು ಬಲ್ಲೆ. ಹೆಸರಿನ ಭಾರದಿಂದ ಪಾರಾಗಲು ಹಾತೊರೆಯುವ ಕಲಾವಿದನ ನೋವನ್ನು ಅವರು ಹೇಳಹೊರಟಿದ್ದಾರೆ, ಹೇಳಿಯೂ ಇದ್ದಾರೆ. ಆದರೂ ಎರಡೂ ಬದುಕನ್ನು ನಿಜವಾಗಿಯೇ ಬಿಟ್ಟಿದ್ದರೆ ‘ಲೂಸಿಯಾ’ ಜಾಣತನದ ಚಿತ್ರದಿಂದ ದೊಡ್ಡ ಚಿತ್ರಕ್ಕೆ ಏರುತ್ತಿತ್ತು.

2024ರ ಮಾರ್ಚ್‌ನಲ್ಲಿ ಬಂದ ‘ಬ್ಲಿಂಕ್’ ಕಾಲಪಯಣದ ಕಥೆ, ಆದರೂ ಇದೇ ಬಳಗದ್ದು. ನಿರ್ದೇಶಕ ಶ್ರೀನಿಧಿ ಬೆಂಗಳೂರು ಒಂದು ಕಟ್ಟುನಿಟ್ಟಿನ ನಿಯಮ ಹಾಕಿಕೊಂಡಿದ್ದಾರೆ: ಕಣ್ಣಿಗೆ ಔಷಧದ ಹನಿ ಬಿಟ್ಟುಕೊಂಡರೆ ಬೇರೆ ಕಾಲಕ್ಕೆ ಹೋಗಬಹುದು, ರೆಪ್ಪೆ ಬಡಿಯುವವರೆಗೆ ಅಲ್ಲಿರಬಹುದು. ಯಂತ್ರ ಬೇಕಿಲ್ಲ, ಸೆಟ್ ಬೇಕಿಲ್ಲ, ದೀಕ್ಷಿತ್ ಶೆಟ್ಟಿಯ ಎರಡು ಕಣ್ಣು ಸಾಕು. ನೋಡುತ್ತ ಕೂತವರ ಕಣ್ಣೂ ಉರಿಯತೊಡಗುತ್ತದೆ. ಉತ್ತರಾರ್ಧದಲ್ಲಿ ಕುಟುಂಬದ ಗಂಟುಗಳನ್ನು ಬಿಗಿದು ಬಿಗಿದು ಚಿತ್ರ ಲೆಕ್ಕದ ಹಾಳೆಯಾಗುತ್ತದೆ, ಯಾರು ಯಾವ ಇಸವಿಯವರು ಎಂದು ಹುಡುಕುವುದರಲ್ಲಿ ಮರುಗಲು ಪುರುಸೊತ್ತಿಲ್ಲ. 7 ಸಾವಿರ ಡಾಲರ್‌ನಲ್ಲಿ ಮಾಡಿ 2004ರಲ್ಲಿ ಸನ್‌ಡ್ಯಾನ್ಸ್‌ನ ದೊಡ್ಡ ಪ್ರಶಸ್ತಿ ಗೆದ್ದ ಶೇನ್ ಕರೂತ್‌ನ ‘ಪ್ರೈಮರ್’ಗೂ ಇದೇ ರೋಗವಿತ್ತು.

ಈ ಎರಡೂ ಕನ್ನಡ ಚಿತ್ರಗಳು ಬೆಂಗಳೂರಿನವು. ಕಲಬುರಗಿ ಕಡೆಯ ಮಾತು ನಮ್ಮ ಸಿನಿಮಾದಲ್ಲಿ ಬಹುಪಾಲು ನಗಿಸುವವನ ಬಾಯಲ್ಲೇ ಇದೆ. ಭೂಮಿಯ ಅಂಚು, ಕಾಲದ ಗುಟ್ಟು ಮಾತಾಡಲು ಈ ಭಾಷೆಗೆ ಕಸುವಿಲ್ಲ ಎಂದು ಯಾರಾದರೂ ತಿಳಿದಿದ್ದರೆ ಅವರು ತತ್ವಪದ ಕೇಳಿಲ್ಲ. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿಗೆ ಸೇರಿರುವ ಕಡಕೋಳದ ಮಡಿವಾಳಪ್ಪ, ಅವರ ಶಿಷ್ಯ ಚನ್ನೂರ ಜಲಾಲಸಾಹೇಬ, ಇವರ ಪದಗಳನ್ನು ಏಕತಾರಿಯ ಜತೆ ರಾತ್ರಿಯಿಡೀ ಹಾಡುವ ಹೊಲದ ಜನ ಒಂದೇ ಮಾತಿನಲ್ಲಿ ದೇಹವನ್ನೂ ಬ್ರಹ್ಮಾಂಡವನ್ನೂ ಒಟ್ಟಿಗೆ ಹಿಡಿಯಬಲ್ಲರು. ಯಾವುದು ಅಸಲಿ ಅರ್ಥ ಎಂದು ಪಟ್ಟು ಹಿಡಿಯುವುದಿಲ್ಲ. ಇಂಥ ಕೇಳುಗರಿರುವಲ್ಲಿ ಪ್ರೇಕ್ಷಕರಿಗೆ ಅರ್ಥವಾಗದು ಎಂಬ ನೆಪ ನಡೆಯದು.

ಕಥೆಗೂ ಬರವಿಲ್ಲ. ಆಳಂದದಿಂದ ಅಕ್ಕಲಕೋಟೆಗೆ ಹೋಗುವ ದಾರಿಯನ್ನೇ ನೋಡಿ. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಆಳಂದ ಈ ಕಡೆ ಬಂತು, ಕನ್ನಡ ಮಾತಾಡುವ ಅಕ್ಕಲಕೋಟೆ ಆ ಕಡೆಯೇ ಉಳಿಯಿತು. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಲಿ ಎಂದು 1967ರ ಮಹಾಜನ ವರದಿ ಹೇಳಿತು, ವರದಿ ಜಾರಿಯಾಗಲಿಲ್ಲ. ಗಡಿಯ ಎರಡೂ ಬದಿಗೆ ಅದೇ ಕರಿಮಣ್ಣು, ಅದೇ ತೊಗರಿ, ಅದೇ ಜೋಳದ ರೊಟ್ಟಿ. ಶಾಲೆಯ ಬೋರ್ಡು, ಬಸ್ಸಿನ ಬಣ್ಣ, ಸರ್ಕಾರಿ ಅರ್ಜಿಯ ಭಾಷೆ ಮಾತ್ರ ಬೇರೆ. ವರದಿ ಜಾರಿಯಾದ ಲೋಕದ ಹುಡುಗಿ, ಜಾರಿಯಾಗದ ಲೋಕದಲ್ಲಿರುವ ತನಗೇ ಒಂದು ರಾತ್ರಿ ಕರೆಂಟು ಹೋದಾಗ ಹೊಲದ ಬದುವಿನ ಮೇಲೆ ಎದುರಾದರೆ? ಕೈಯಲ್ಲಿರುವ ಪಠ್ಯಪುಸ್ತಕವೇ ಸಾಕು ಗುರುತಿಗೆ. ಈ ಚಿತ್ರಕ್ಕೆ ಗ್ರಾಫಿಕ್ಸ್‌ನವರು ಬೇಕಿಲ್ಲ.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವವರೂ ಇದ್ದಾರೆ, ಕನ್ನಡ ಓದುವವರೂ ಇದ್ದಾರೆ. ಅಫಜಲಪುರ, ಜೇವರ್ಗಿಯ ಹುಡುಗ-ಹುಡುಗಿಯರು ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತಲೂ ಇದ್ದಾರೆ. ಅವರಲ್ಲಿ ನನ್ನದೊಂದು ಕೇಳಿಕೆ: ಹಣ ಕೂಡಲಿ ಎಂದು ಕಾಯಬೇಡಿ, ಒಂದು ನಿಯಮ, ಒಂದು ಗುರುತಿನ ವಸ್ತು ಆರಿಸಿಕೊಳ್ಳಿ, ನಿಮ್ಮ ಮನೆಯ ಮಾತಿನಲ್ಲೇ ಪಾತ್ರಗಳು ಮಾತಾಡಲಿ, ಕೊನೆಯಲ್ಲಿ ಎರಡರಲ್ಲಿ ಒಂದು ಲೋಕವನ್ನು ಸುಳ್ಳು ಮಾಡಬೇಡಿ.