ಇಪ್ಪತ್ತನೆಯ ಪ್ಲಾಟು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ‘ಪ್ಲಾಟ್ ಹಾಕ್ಯಾನ’ ಎಂಬುದು ಈಗ ದೊಡ್ಡ ಹೊಗಳಿಕೆ. ಹೊಲ ಹಿಡಿದು, ಎನ್‌ಎ (ಕೃಷಿಯೇತರ ಪರಿವರ್ತನೆ) ಮಾಡಿಸಿ, ಕಲ್ಲು ನೆಡಿಸಿದವನು ಊರಿಗೆಲ್ಲ ಡೆವಲಪರ್. ಈ ಹೆಸರು ತೀರ ಅಗ್ಗಕ್ಕೆ ಸಿಗುತ್ತಿದೆ ಎಂಬುದು ನನ್ನ ತಕರಾರು.

ಈ ಕಸುಬಿನ ನಿಜವಾದ ಕೃತಿ ಲೇಔಟ್ ನಕ್ಷೆ. ಅದನ್ನೇ ಓದೋಣ. ಎಕರೆಗೆ 40 ಗುಂಟೆ, ಅಂದರೆ 43,560 ಚದರಡಿ. 30-40 ಅಡಿಯ ಪ್ಲಾಟು 36 ಆಗುತ್ತವೆಂದು ಹೊಸಬ ಹಿಗ್ಗುತ್ತಾನೆ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಬಿಟ್ಟು ನೂರಕ್ಕೆ 55ರಷ್ಟು ಮಾರಲು ಉಳಿಯಿತೆನ್ನಿ: 19 ಪ್ಲಾಟು. ಇಪ್ಪತ್ತನೆಯದಕ್ಕೆ ಬರೀ 42 ಚದರಡಿ ಕಡಿಮೆ! ಕಸುಬುದಾರನ ಗುಣ ಗೊತ್ತಾಗುವುದು ಇಲ್ಲೇ. ಆ 42 ಚದರಡಿ ಹೆಚ್ಚಾಗಿ ಗಟಾರದ ಅಗಲದಿಂದ ಬರುತ್ತದೆ, ಇಲ್ಲವೇ ಬದುವಿನ ಪಕ್ಕದ ಸಣ್ಣ ಹಳ್ಳದಿಂದ. ನಕ್ಷೆಯ ಗೆರೆಗಳೆಲ್ಲ ನೆಟ್ಟಗಿವೆ, ಹೊಲದ ಇಳಿಜಾರು ಯಾವ ಕಡೆಗೆಂದು ಮಾತ್ರ ಎಲ್ಲೂ ಬರೆದಿಲ್ಲ. ಕೆಳಗಿರುವುದು ಎರೆ ಮಣ್ಣು: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನೀರು ನಿಂತರೆ ಗೌಂಡಿ ಎಷ್ಟೇ ಜಾಣನಾದರೂ ಗೋಡೆ ಸೀಳು ಬಿಡುತ್ತದೆ. ಕಾಲುವೆ ನೀರುಂಡ ಕಬ್ಬಿನ ಹೊಲವಾದರೆ ಕೇಳುವುದೇ ಬೇಡ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದ ಮೇಲಾದರೂ ನಕ್ಷೆಯಲ್ಲಿ ನೆಲದ ಮಟ್ಟ ಕಾಣಬೇಕಿತ್ತು. ಇದೇ ಗೋಕಾಕ ಫಾಲ್ಸಿನ ಗಿರಣಿ 1880ರ ದಶಕದಲ್ಲೇ ಬೀಳುವ ನೀರಿನ ಬಲದಿಂದ ಓಡಿದ್ದು ಎತ್ತರ ಇಳಿವುಗಳ ಲೆಕ್ಕ ಹಿಡಿದೇ.

ಇನ್ನು ‘ಹಸಿರು ಹೊಲ ಹಾಳಾಯಿತು’ ಎಂದು ಹಲುಬುವ ವಿಮರ್ಶಕರು. ಇವರೊಡನೆ ನನ್ನ ಜಗಳ ಇನ್ನೂ ದೊಡ್ಡದು. ಕಬ್ಬಿನ ಬಾಕಿಗಾಗಿ ಕಾರ್ಖಾನೆ ಬಾಗಿಲು ಕಾದ ರೈತ ಎರಡೆಕರೆ ಮಾರಿ ಮಗಳನ್ನು ಓದಿಸಿದರೆ ಇವರಿಗೇಕೆ ಸಂಕಟ? ತಾವು ಮಾತ್ರ ಬೆಳಗಾವಿಯ ಇಂಥದೇ ಬಡಾವಣೆಯಲ್ಲಿ ಕೂತು ಶೋಕಗೀತೆ ಬರೆಯುತ್ತಾರೆ. ಹೊಲ ಊರಾಗುವುದು ಪಾಪವಲ್ಲ. ಹುಕ್ಕೇರಿ ಪೇಟೆಯೂ ಒಂದು ಕಾಲಕ್ಕೆ ಹೊಲವೇ. ಇವರ ಶೋಕದಿಂದ ಲಾಭವಾಗುವುದು ಕೆಟ್ಟ ಡೆವಲಪರನಿಗೇ: ಎಲ್ಲ ಲೇಔಟೂ ಅನಾಹುತವೆಂದ ಮೇಲೆ ಗಟಾರ ಕಟ್ಟಿದವನಿಗೂ ಕಟ್ಟದವನಿಗೂ ಭೇದವೇನು?

ಹೌದು, ನೆಟ್ಟಗೆ ರಸ್ತೆ ಮಾಡಿ, ಕಂಬ ನಿಲ್ಲಿಸಿ, ಆಮೇಲೆ ಮಾರುವವರೂ ಇದ್ದಾರೆ. ಅವರು 19ಕ್ಕೇ ನಿಲ್ಲುತ್ತಾರೆ, ದರ ಹೆಚ್ಚು ಹೇಳುತ್ತಾರೆ. ಗಿರಾಕಿ ಮಾತ್ರ ಪಕ್ಕದ ಇಪ್ಪತ್ತನೆಯ ಪ್ಲಾಟಿಗೆ ಮುಂಗಡ ಕೊಟ್ಟು ಬರುತ್ತಾನೆ.