ಪಬ್ಬಿನ ಪರೀಕ್ಷೆ ಹೊಳೆದಂಡೆಯಲ್ಲಿ

ಐರಿಷ್ ಪಬ್ಬಿಗೆ ಹೋಗೋಣ ಎಂದು ಯಾರೇ ಕರೆಯಲಿ, ಹೊರಗೆ ಮೇಜು ಹಾಕಿದ್ದಾರೆಯೇ ಎಂದು ಮೊದಲು ವಿಚಾರಿಸುತ್ತೇನೆ. ಹೊಳೆಯ ಪಕ್ಕದಲ್ಲೇ ಇದೆ ಎಂದರೆ ಮರುಮಾತಿಲ್ಲ. ನೋಟ ಚೆನ್ನಾಗಿರುತ್ತದೆ, ಗಾಳಿ ಬರುತ್ತದೆ, ಅದೆಲ್ಲ ಸರಿ. ಆದರೆ ನನ್ನ ಲೆಕ್ಕಾಚಾರ ಬೇರೆ. ಹಳೇ ಮರದ ಕೌಂಟರು, ಗೋಡೆಯ ತುಂಬ ತೂಗಿದ ವಾದ್ಯಗಳು, ಪಿಂಗಾಣಿ ಜಾಡಿ, ಡಬ್ಲಿನ್ ಬೀದಿಯ ಹೆಸರಿನ ಹಲಗೆ, ಇವೆಲ್ಲ ಒಳಗೇ ಉಳಿದುಬಿಡುತ್ತವೆ. ಹೊರಗೆ ನಮ್ಮ ಮುಂದೆ ಬರುವುದು ತಟ್ಟೆ, ಲೋಟ, ಅವನ್ನು ತಂದಿಡುವವರ ನಡವಳಿಕೆ ಅಷ್ಟೇ. ಪಬ್ಬಿನ ಬಂಡವಾಳ ಬಯಲಾಗಲು ಅಷ್ಟು ಸಾಕು.

ಈ ವಾರ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ. ಆಸ್ಟಿನ್ನಿನಲ್ಲೋ ಹ್ಯೂಸ್ಟನ್ನಿನಲ್ಲೋ ಮಕ್ಕಳಿರುವ ಕನ್ನಡದ ಅಪ್ಪ-ಅಮ್ಮಂದಿರು ಒಂದಲ್ಲ ಒಂದು ವಾರಾಂತ್ಯ ಈ ಊರು ನೋಡಿಯೇ ಇರುತ್ತಾರೆ. ಬೆಳಗ್ಗೆ ಹಳೇ ಕಾಳಗದ ತಾಣ ಅಲಾಮೊ, ಸಂಜೆ ಹೊಳೆದಂಡೆಯ ರಿವರ್ ವಾಕ್. ಪೇಟೆಯ ರಸ್ತೆಯಿಂದ ಮೆಟ್ಟಿಲಿಳಿದರೆ ಒಂದು ಅಂತಸ್ತು ಕೆಳಗೆ ಹೊಳೆ, ಅದರ ಎರಡೂ ಬದಿಗೆ ಕಲ್ಲುಹಾಸಿನ ಕಾಲುದಾರಿ, ಮೇಲೆ ಎತ್ತರದ ಸೈಪ್ರೆಸ್ ಮರಗಳ ನೆರಳು. ಇಷ್ಟು ಸೌಮ್ಯವಾಗಿ ಕಾಣುವ ಹೊಳೆ 1921ರ ಸೆಪ್ಟೆಂಬರಿನಲ್ಲಿ ಉಕ್ಕಿ ಸುಮಾರು 50 ಜನರನ್ನು ಬಲಿ ತೆಗೆದುಕೊಂಡಿತ್ತು. ಆಮೇಲೆ ಪ್ರವಾಹ ತಿರುಗಿಸುವ ಕಾಲುವೆ ಬಂತು. 1929ರಲ್ಲಿ ರಾಬರ್ಟ್ ಹಗ್ಮನ್ ಎಂಬ ವಾಸ್ತುಶಿಲ್ಪಿ ಹೊಳೆಯ ತಿರುವಿನ ಸುತ್ತ ಅಂಗಡಿ, ಸೇತುವೆ, ಕಾಲುದಾರಿಗಳ ನಕಾಶೆ ಮುಂದಿಟ್ಟರು. ಕೆಲಸ ನಡೆದದ್ದು 1939ರಿಂದ 1941ರವರೆಗೆ, ಆರ್ಥಿಕ ಕುಸಿತದ ಕಾಲದ ಸರ್ಕಾರಿ ಉದ್ಯೋಗ ಯೋಜನೆಯಲ್ಲಿ. 1946ರಲ್ಲಿ ಕಾಸಾ ರಿಯೊ ಎಂಬ ಮೆಕ್ಸಿಕನ್ ಹೋಟೆಲು ನೀರಿನಂಚಿಗೆ ಮೇಜು ಹಾಕಿತು. ದಂಡೆಯ ಊಟಕ್ಕೆ ದಾರಿ ತೆರೆದದ್ದು ಅದೇ.

ಮೆಕ್ಸಿಕನ್ ಛಾಯೆಯ ಊರಿನಲ್ಲಿ ಐರಿಷರಿಗೇನು ಕೆಲಸ ಎನ್ನಬೇಡಿ. ಅಲಾಮೊ ಕಾಳಗದಲ್ಲಿ ಮಡಿದವರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರೂ ಇದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಅಲಾಮೊದ ಮಗ್ಗುಲಿಗೇ ಐರಿಷ್ ಫ್ಲಾಟ್ ಎಂಬ ಬಡಾವಣೆ ಇತ್ತು. ಐರಿಷರ ಸಂತ ಪ್ಯಾಟ್ರಿಕ್ ಹಬ್ಬಕ್ಕೆ ಇಲ್ಲಿನ ಹೊಳೆಗೂ ಹಸಿರು ಬಣ್ಣ ಬೆರೆಸುತ್ತಾರೆ. ಹಿಲ್ಟನ್ ಹೋಟೆಲಿನ ತಳದಲ್ಲಿರುವ ಡರ್ಟಿ ನೆಲ್ಲೀಸ್ ಪಬ್ಬಿನಲ್ಲಿ ಕಡಲೆಕಾಯಿ ಬಿಡಿಸಿ ಸಿಪ್ಪೆಯನ್ನು ನೆಲಕ್ಕೇ ಎಸೆಯುವುದು ವಾಡಿಕೆ. ಪಿಯಾನೊ ನುಡಿಸುವವರ ಜೊತೆ ಗಿರಾಕಿಗಳೂ ದನಿಗೂಡಿಸುತ್ತಾರೆ. ಇದೇ ಹೆಸರಿನ ಹಳೆಯ ಪಬ್ ಐರ್ಲೆಂಡಿನ ಬನ್‌ರಾಟಿ ಕೋಟೆಯ ಪಕ್ಕದಲ್ಲಿದೆ. ಅದೂ ಹೊಳೆದಂಡೆಯದೇ.

ಹಾಗೆ ನೋಡಿದರೆ ಐರ್ಲೆಂಡಿನ ಪಬ್ ಹುಟ್ಟಿದ್ದೇ ಹೊರಗಿನ ಮಳೆ ಚಳಿಗೆ ಬೆನ್ನು ಹಾಕಿ ಕೂರಲು. ತಗ್ಗಿದ ಸೂರು, ಅಗ್ಗಿಷ್ಟಿಕೆ, ಕೌಂಟರಿಗೆ ಅಂಟಿಕೊಂಡ ಸ್ನಗ್ ಎಂಬ ಪುಟ್ಟ ಕೋಣೆ. ಕುಡಿಯುವುದನ್ನು ಊರವರು ನೋಡಬಾರದು ಎನ್ನುವ ಹೆಂಗಸರು, ಪಾದ್ರಿಗಳು ಆ ಕೋಣೆ ಸೇರಿ, ಕಿಂಡಿಯಲ್ಲಿ ಕೈಚಾಚಿ ಲೋಟ ಪಡೆಯುತ್ತಿದ್ದರು. ಹಳ್ಳಿಯ ಎಷ್ಟೋ ಪಬ್ಬುಗಳು ದಿನಸಿ ಅಂಗಡಿಗಳೂ ಆಗಿದ್ದವು. ಈಗ ಥೀಮ್ ಪಬ್ಬಿನ ಅಟ್ಟದ ಮೇಲೆ ಚಹಾ ಡಬ್ಬಿ, ಬಿಸ್ಕತ್ತಿನ ಟಿನ್ನು ಜೋಡಿಸಿಡುವುದು ಅದೇ ನೆನಪಿಗೆ.

ಈ ನೆನಪನ್ನು ರೊಕ್ಕ ಕೊಟ್ಟು ತರಿಸಿಕೊಳ್ಳಬಹುದು. ವಾಸ್ತುಶಿಲ್ಪ ಓದುತ್ತಿದ್ದಾಗ ಡಬ್ಲಿನ್ನಿನ ಪಬ್ಬುಗಳನ್ನೇ ಅಭ್ಯಾಸಕ್ಕೆ ಆರಿಸಿಕೊಂಡಿದ್ದ ಮೆಲ್ ಮೆಕ್‌ನ್ಯಾಲಿ ಮುಂದೆ ಐರಿಷ್ ಪಬ್ ಕಂಪನಿ ಕಟ್ಟಿದರು. ಗಿನ್ನಿಸ್ ಬೀರಿನ ಕಂಪನಿಯೂ ಕೈಜೋಡಿಸಿತು. ಹಳ್ಳಿಮನೆ, ವಿಕ್ಟೋರಿಯನ್, ದಿನಸಿ ಅಂಗಡಿ, ಬ್ರೂವರಿ ಹೀಗೆ ಮಾದರಿಗಳಿವೆ. ಬೇಕಾದ್ದನ್ನು ಆರಿಸಿದರೆ ಕೌಂಟರು, ಕಪಾಟುಗಳೆಲ್ಲ ಐರ್ಲೆಂಡಿನಲ್ಲೇ ತಯಾರಾಗಿ ಕಂಟೇನರಿನಲ್ಲಿ ಬಂದಿಳಿಯುತ್ತವೆ. 1990ರ ದಶಕದಿಂದೀಚೆಗೆ ಜಗತ್ತಿನ ತುಂಬ ಐರಿಷ್ ಪಬ್ ಹಬ್ಬಿದ್ದು ಹೀಗೆ. ನನಗೇನೂ ತಕರಾರಿಲ್ಲ. ಉಡುಪಿ ಎಂದು ಬೋರ್ಡು ಹಾಕಿದ ಕಡೆಯೆಲ್ಲ ನಾವು ಕೃಷ್ಣಮಠದ ಅಡುಗೆ ಕೇಳುತ್ತೇವೆಯೇ? ಸಾಂಬಾರ್ ನೋಡಿ ತೀರ್ಮಾನಿಸುತ್ತೇವೆ. ಇಲ್ಲೂ ಅಷ್ಟೇ.

ಮೊದಲು ಲೋಟ. ಡ್ರಾಫ್ಟ್ ಗಿನ್ನಿಸ್ ಹೇಳಿ. ಹೇಳುವ ಮೊದಲು ಪಿಂಟ್ ಎಷ್ಟು ದೊಡ್ಡದು ಎಂದು ಕೇಳಿಕೊಳ್ಳಿ. ಅಮೆರಿಕದ ಪಿಂಟ್ 473 ಮಿಲಿ, ಐರ್ಲೆಂಡಿನದು 568. ಲೋಟವನ್ನು 45 ಡಿಗ್ರಿ ವಾಲಿಸಿ ನಲ್ಲಿ ತಿರುಗಿಸಿ, ಮುಕ್ಕಾಲು ತುಂಬಿದ ಮೇಲೆ ಕೆಳಗಿಡಬೇಕು. ಆಗ ನೋಡಬೇಕು ಅದರ ಚೆಂದ. ಲೋಟದೊಳಗೆ ಕಂದು ಮೋಡ ಎದ್ದಂತಾಗಿ, ಗುಳ್ಳೆಗಳು ಗಾಜಿನ ಗೋಡೆಗುಂಟ ಕೆಳಕ್ಕೆ ಜಾರುತ್ತವೆ, ನಡುವಿನಿಂದ ಮೇಲೇರುತ್ತವೆ. ತಳದಿಂದ ಕಪ್ಪು ತಿಳಿಯಾಗುತ್ತ ಬಂದು, ಮೇಲೆ ಕೆನೆ ಬಣ್ಣದ ನೊರೆ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಉಳಿದ ಕಾಲು ಭಾಗ. ಕಂಪನಿಯ ಲೆಕ್ಕದಲ್ಲಿ ಇಷ್ಟಕ್ಕೂ 119.5 ಸೆಕೆಂಡು ಬೇಕು. ಆ ನೊರೆಯ ನುಣುಪಿಗೆ ಕಾರಣ ಸಾರಜನಕ. ಪೀಪಾಯಿಗೆ ತುಂಬುವ ಅನಿಲದಲ್ಲಿ ಸುಮಾರು 75 ಭಾಗ ಅದೇ. ಅವಸರದ ಬಾರ್ಟೆಂಡರು ಒಂದೇ ಉಸಿರಿಗೆ ತುಂಬಿಸಿದರೆ ನೊರೆ ಒರಟಾಗಿ, ಬೇಗ ಕರಗುತ್ತದೆ. ಒಳ್ಳೆಯ ಪಿಂಟಾದರೆ ಪ್ರತಿ ಗುಟುಕಿಗೂ ಗಾಜಿನ ಮೇಲೆ ನೊರೆಯ ಒಂದೊಂದು ಉಂಗುರ ಉಳಿಯುತ್ತದೆ. ಸುಮಾರು 6 ಡಿಗ್ರಿಯಲ್ಲಿ ಬಂದ ಬೀರು ಟೆಕ್ಸಾಸಿನ ಬಿಸಿಲಿಗೆ ಬೇಗ ಸಪ್ಪೆಯಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಹೋದವರು ಹೊತ್ತು ಮುಳುಗಿದ ಮೇಲೆಯೇ ದಂಡೆಗಿಳಿಯಿರಿ.

ಮತ್ತೆ ತಟ್ಟೆ. ಶೆಫರ್ಡ್ಸ್ ಪೈ ತರಿಸಿ. ಸಣ್ಣಗೆ ಕೊಚ್ಚಿದ ಕುರಿಮಾಂಸ, ಈರುಳ್ಳಿ, ಕ್ಯಾರೆಟ್ಟು. ಮೇಲೆ ಆಲೂಗಡ್ಡೆಯ ಮುದ್ದೆ ಹರಡಿ, ಫೋರ್ಕಿನಲ್ಲಿ ಗೀರು ಎಳೆದು ಬೇಯಿಸಿರುತ್ತಾರೆ. ಆ ಗೀರಿನ ಏಣುಗಳು ಕೆಂಪಗೆ ಗರಿಗರಿಯಾಗಿರಬೇಕು, ಚಮಚ ಇಳಿಸಿದರೆ ಹಬೆ ಏಳಬೇಕು. ದನದ ಮಾಂಸ ಹಾಕಿದರೆ ಅದು ಕಾಟೇಜ್ ಪೈ. ಅಮೆರಿಕದ ಬಹಳಷ್ಟು ಪಬ್ಬುಗಳು ಅದಕ್ಕೂ ಶೆಫರ್ಡ್ಸ್ ಪೈ ಎಂದೇ ಬರೆಯುತ್ತವೆ. ದನ ತಿನ್ನದವರು ಮೊದಲೇ ಕೇಳುವುದು ಕ್ಷೇಮ. ಕಾರ್ನ್ಡ್ ಬೀಫ್ ಮತ್ತು ಎಲೆಕೋಸು ಅಪ್ಪಟ ಐರಿಷ್ ಊಟ ಎಂದು ಮೆನು ಜಂಬ ಕೊಚ್ಚಿದರೆ ನಂಬಬೇಡಿ. ತಾಯ್ನಾಡಿನಲ್ಲಿ ಎಲೆಕೋಸಿನ ಜೋಡಿ ಹಂದಿಮಾಂಸ. ನ್ಯೂಯಾರ್ಕಿಗೆ ಬಂದಿಳಿದ ಬಡ ಐರಿಷರು ಯಹೂದಿ ಕಸಾಯಿ ಅಂಗಡಿಗಳಲ್ಲಿ ಸಿಗುತ್ತಿದ್ದ ಈ ಉಪ್ಪು ಹಚ್ಚಿದ ಮಾಂಸಕ್ಕೆ ಒಗ್ಗಿಕೊಂಡರು. ವಲಸೆಯ ಅಡುಗೆ ಅದು. ರುಚಿಗೇನೂ ಕೊರತೆಯಿಲ್ಲ.

ಸಸ್ಯಾಹಾರಿಗಳೂ ಉಪವಾಸ ಕೂರಬೇಕಿಲ್ಲ. ಆಲೂಗಡ್ಡೆ ಮುದ್ದೆಗೆ ಬೆಣ್ಣೆಯ ಜೊತೆ ಎಲೆಕೋಸೋ ಕೇಲ್ ಸೊಪ್ಪೋ ಬೆರೆಸಿದ ಕಾಲ್ಕ್ಯಾನನ್, ತುರಿದ ಆಲೂಗಡ್ಡೆಯ ಬಾಕ್ಸ್‌ಟಿ ದೋಸೆ, ಮಜ್ಜಿಗೆ ಸೋಡಾ ಹಾಕಿ ಸುಟ್ಟ ಬ್ರೆಡ್ಡು ಸಿಕ್ಕರೆ ಹೊಟ್ಟೆ ತುಂಬುತ್ತದೆ. ಆದರೆ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರೋ ಎಂದು ಕೇಳದೆ ತರಿಸಬೇಡಿ. ಗಿನ್ನಿಸ್ಸನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದ ಅಂಟು ಬಳಸುತ್ತಿದ್ದದ್ದು ಹಿಂದಿನ ಮಾತು. ಕಳೆದ ದಶಕದಲ್ಲಿ ಕಂಪನಿ ಅದನ್ನು ಕೈಬಿಟ್ಟಿದೆ.

ಕೊನೆಗೆ ಐರಿಷ್ ಕಾಫಿ. ಇದೂ ನೀರಿನ ದಂಡೆಯಲ್ಲೇ ಹುಟ್ಟಿದ್ದು. ಶ್ಯಾನನ್ ನದೀಮುಖದ ಫಾಯ್ನ್ಸ್ ಎಂಬಲ್ಲಿ ನೀರಿನ ಮೇಲಿಳಿಯುವ ವಿಮಾನಗಳ ನಿಲ್ದಾಣವಿತ್ತು. ಚಳಿಗೆ ನಡುಗುತ್ತಿದ್ದ ಪ್ರಯಾಣಿಕರಿಗಾಗಿ ಅಲ್ಲಿನ ಬಾಣಸಿಗ ಜೋ ಶೆರಿಡನ್ 1940ರ ದಶಕದಲ್ಲಿ ಬಿಸಿ ಕಾಫಿಗೆ ವಿಸ್ಕಿ, ಸಕ್ಕರೆ ಬೆರೆಸಿ, ಮೇಲೆ ಕೆನೆ ತೇಲಿಸಿದರು. ಕಲಕಬಾರದು, ತಣ್ಣನೆಯ ಕೆನೆಯ ನಡುವಿನಿಂದ ಬಿಸಿ ಕಾಫಿ ಹೀರಬೇಕು. ಡಬ್ಬಿ ಒತ್ತಿ ಕೆನೆಯ ಗೋಪುರ ಕಟ್ಟಿ ಕೊಟ್ಟರೆ ಆ ಪಬ್ಬಿನ ಅಂಕ ಕಳೆಯಿರಿ.

ದಂಡೆಯ ಮೇಜಿಗೆ ಅದರದೇ ತಾಪತ್ರಯಗಳಿವೆ. ರಿವರ್ ವಾಕಿನ ಬಹುಪಾಲು ಅಂಚಿಗೆ ಕಂಬಿಯಿಲ್ಲ. ಮಕ್ಕಳನ್ನು ಗೋಡೆಯ ಕಡೆ ಕೂರಿಸಿ. ಗ್ರಾಕಲ್ ಎಂಬ ಉದ್ದಬಾಲದ ಕರಿಹಕ್ಕಿ ಮೇಜಿನಂಚಿಗೇ ಬಂದು ಕೂತು, ನೀವು ಅತ್ತ ತಿರುಗಿದರೆ ಚಿಪ್ಸ್ ಕಚ್ಚಿಕೊಂಡು ಹಾರುತ್ತದೆ. ಬೀರು ಬೇಕೆಂದರೆ ವಯಸ್ಸಿನ ಪುರಾವೆ ಕೇಳಬಹುದು, ತಲೆ ನರೆತವರನ್ನೂ ಬಿಡುವುದಿಲ್ಲ, ಪಾಸ್‌ಪೋರ್ಟ್ ಜೊತೆಗಿರಲಿ. ಬಿಲ್ಲಿನ ಮೇಲೆ ಶೇ 18ರಿಂದ 20ರಷ್ಟು ಟಿಪ್ಸ್ ಅಲ್ಲಿನ ರೂಢಿ, ಅದನ್ನೂ ಸೇರಿಸಿಯೇ ಜೇಬು ನೋಡಿಕೊಳ್ಳಿ.

ನನ್ನ ಸಲಹೆ ಇಷ್ಟು. ಒಳಗೊಂದು ಸುತ್ತು ಹಾಕಿ ಅಲಂಕಾರ ನೋಡಿ, ಬೇಕಿದ್ದರೆ ಫೋಟೊ ತೆಗೆದುಕೊಳ್ಳಿ, ಊಟಕ್ಕೆ ಹೊರಗೆ ಬನ್ನಿ. ಪಿಂಟ್ ತಡವಾಗಿ, ಪೈ ಬಿಸಿಬಿಸಿಯಾಗಿ ಬಂದರೆ ಅದು ಒಳ್ಳೆಯ ಪಬ್. ಪಿಂಟ್ ಥಟ್ಟನೆ, ಪೈ ಆರಿ ಬಂದರೆ ಲೋಟ ಮುಗಿಸಿ ಎದ್ದುಬಿಡಿ. ಮುಂದಿನ ತಿರುವಿನಲ್ಲಿ ಇನ್ನೊಂದು ಹೋಟೆಲು ಇದ್ದೇ ಇರುತ್ತದೆ.